ದೋಣಿಗೂ ಹಕ್ಕಿಗೂ ಒಂದೇ ನೀರು

ರಾಯಬಾಗ, ಚಿಂಚಲಿ, ಕುಡಚಿ, ಉಗಾರದ ಕಡೆಯಿಂದ ರೈಲು ಹತ್ತಿ ಘಟಪ್ರಭಾ ನಿಲ್ದಾಣದಲ್ಲಿ ಇಳಿಯುವವರಿಗೆ ಧುಪದಾಳದ ಒಡ್ಡು ಹೊಸದಲ್ಲ. ಡಿಸೆಂಬರ್ ತಿಂಗಳ ಒಂದು ಮುಂಜಾನೆ ಅಲ್ಲಿ ಹೋಗಿ ನಿಂತರೆ ಮಂಜು ಸರಿದಂತೆ ಹಿನ್ನೀರಿನ ಅಂಚು ನಿಧಾನವಾಗಿ ಕಣ್ಣಿಗೆ ಬೀಳುತ್ತದೆ. ಕೆಸರಿನ ಮೇಲೆ ಬೂದು ಬಣ್ಣದ ಕ್ರೌಂಚಗಳು, ಅಲ್ಲಲ್ಲಿ ಬಿಳಿ ಕೊಕ್ಕರೆ, ನಡುನೀರಿನಲ್ಲಿ ಬಾತುಗಳ ಗುಂಪು. ಇವುಗಳಲ್ಲಿ ಹಲವು ಮಧ್ಯ ಏಷ್ಯಾದ ಬಯಲುಗಳಿಂದ, ಯುರೋಪಿನ ಕಡೆಯಿಂದ ಸಾವಿರಾರು ಕಿಲೋಮೀಟರ್ ದೂರ ಹಾರಿ ಬಂದ ಅತಿಥಿಗಳು.

ಅದೇ ನೀರನ್ನು ನೋಡಿದ ಮನುಷ್ಯನ ಮನಸ್ಸಿನಲ್ಲಿ ಇನ್ನೊಂದು ಆಸೆ ಹುಟ್ಟುತ್ತದೆ. ಇಷ್ಟು ವಿಶಾಲವಾದ ನೀರಿದೆ, ಒಂದು ದೋಣಿ ಇದ್ದಿದ್ದರೆ! ಮಕ್ಕಳನ್ನು ಕೂಡಿಸಿಕೊಂಡು ಒಂದು ಸುತ್ತು ಹೋಗಿ ಬರಬಹುದಿತ್ತು. ನಾಲ್ಕು ಜನ ಪ್ರವಾಸಿಗರು ಬಂದರೆ ಊರಿನ ಚಹಾದ ಅಂಗಡಿಗೂ ವ್ಯಾಪಾರವಾದೀತು.

ಈ ಆಸೆಯಲ್ಲಿ ತಪ್ಪೇನಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜನರಿಗೆ ರಜೆಯ ದಿನ ಕಳೆಯಲು ಇರುವ ತಾಣಗಳು ಬೆರಳೆಣಿಕೆಯಷ್ಟು. ನಿಪ್ಪಾಣಿಯವರು ಕೊಲ್ಹಾಪುರದ ರಂಕಾಳಾ ಕೆರೆಯ ದಂಡೆಗೆ ಹೋಗುತ್ತಾರೆ. ಉಳಿದವರು ಬೆಳಗಾವಿಯ ಕೋಟೆ ಕೆರೆಯನ್ನೋ ಗೋಕಾಕ ಜಲಪಾತವನ್ನೋ ನೋಡಿ ಬರುತ್ತಾರೆ. ನೀರು ಮನೆಯ ಹತ್ತಿರವೇ ಇರುವಾಗ ದೂರ ಹೋಗುವುದೇಕೆ ಎಂಬ ಪ್ರಶ್ನೆ ಸಹಜ. ಆದರೆ ದೋಣಿ ಇಳಿದ ನೀರಿನಲ್ಲಿ ಹಕ್ಕಿ ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಅಷ್ಟೇ ಸಹಜ. ಎರಡಕ್ಕೂ ಉತ್ತರ ಹುಡುಕಬೇಕಾದರೆ ಮೊದಲು ಈ ನೀರಿನ ಕಥೆಯನ್ನು ತಿಳಿಯಬೇಕು.

ಒಡ್ಡು ಕಟ್ಟಿದ್ದು ಬೆಳೆಗೆ, ಬಂದದ್ದು ಹಕ್ಕಿ

ಧುಪದಾಳದ ಒಡ್ಡನ್ನು ಕಟ್ಟಿದವರ ಮನಸ್ಸಿನಲ್ಲಿ ಹಕ್ಕಿಯ ವಿಚಾರ ಇರಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ, ಬರಗಾಲದಿಂದ ಬಳಲುತ್ತಿದ್ದ ಈ ಸೀಮೆಗೆ ಕಾಲುವೆಯ ನೀರು ಕೊಡಬೇಕೆಂದು ಆಗಿನ ಮುಂಬಯಿ ಸರ್ಕಾರ ಘಟಪ್ರಭೆಗೆ ಅಡ್ಡಲಾಗಿ ಇದನ್ನು ಕಟ್ಟಿಸಿತು. ನದಿಯ ವೇಗ ಕುಗ್ಗಿತು, ಹೂಳು ನಿಂತಿತು, ನಡುಗಡ್ಡೆಗಳು ಮೂಡಿದವು. ಆಳವಿಲ್ಲದ ನೀರಿನಲ್ಲಿ ಜಲಸಸ್ಯ, ಮೀನು, ಶಂಖದ ಹುಳು, ಕಪ್ಪೆಗಳು ಹೆಚ್ಚಿದವು. ಸುತ್ತಲ ಹೊಲಗಳಲ್ಲಿ ಕಾಳು ಸಿಗುತ್ತಿತ್ತು. ಹಕ್ಕಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? 1974ರಲ್ಲಿ ಸರ್ಕಾರ ಇದನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿತು. ಗೋಕಾಕ ತಾಲ್ಲೂಕಿನಲ್ಲಿರುವ ಈ ಧಾಮದ ವಿಸ್ತೀರ್ಣ ಸುಮಾರು 29.78 ಚದರ ಕಿಲೋಮೀಟರ್. ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಪೂರ್ಣಗೊಂಡ ಮೇಲೆ ಧುಪದಾಳಕ್ಕೆ ಬರುವ ನೀರು ಅಲ್ಲಿಂದ ಬಿಟ್ಟ ಲೆಕ್ಕದ ಮೇಲೆ ನಿಂತಿತು.

ಮೈಸೂರಿನ ಬಳಿಯ ರಂಗನತಿಟ್ಟಿನ ಕಥೆಯೂ ಹೆಚ್ಚು ಕಡಿಮೆ ಇದೇ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಅಲ್ಲಿನ ತಿಟ್ಟುಗಳು ರೂಪುಗೊಂಡವು. ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿರುವುದನ್ನು ಗಮನಿಸಿದ ಪಕ್ಷಿತಜ್ಞ ಡಾ. ಸಲೀಂ ಅಲಿ ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅದರ ವಿಸ್ತೀರ್ಣ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಆದರೂ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗು ಪ್ರದೇಶವೆಂಬ ಗೌರವ ಅದಕ್ಕೆ ದೊರೆಯಿತು.

ರಂಗನತಿಟ್ಟಿನಲ್ಲಿ ಪ್ರವಾಸಿಗರಿಗೆ ದೋಣಿ ಇದೆ. ಹಕ್ಕಿಯೂ ಇದೆ. ಹಾಗಾದರೆ ಧುಪದಾಳದಲ್ಲಿ ಏಕಾಗದು ಎಂದು ಕೇಳುವವರಿಗೆ ಇದೇ ದೊಡ್ಡ ಆಧಾರ. ಈ ವಾದವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳಿತು.

ಹಾರಿಹೋದರೆ ನಷ್ಟವೇನು?

ದೋಣಿ ಹತ್ತಿರ ಬಂದಾಗ ಹಕ್ಕಿ ಹಾರುತ್ತದೆ, ಹೋದ ಮೇಲೆ ಮತ್ತೆ ಬಂದು ಕೂರುತ್ತದೆ. ಇದರಲ್ಲಿ ಅಂಥ ಹಾನಿ ಏನಿದೆ ಎಂದು ಅನಿಸಬಹುದು. ಒಂದು ಸಲ ಹಾರಿದರೆ ದೊಡ್ಡ ನಷ್ಟವಿಲ್ಲ ನಿಜ. ಆದರೆ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಕಾಲು ಗಂಟೆಗೊಂದರಂತೆ ದೋಣಿ ಬಿಟ್ಟರೆ ದಿನಕ್ಕೆ 36 ಸುತ್ತುಗಳಾಗುತ್ತವೆ. ಅಷ್ಟು ಸಲ ಎದ್ದು ಹಾರುವ ಹಕ್ಕಿಗೆ ತಿನ್ನಲು ಸಿಗುವ ವೇಳೆ ಕಡಿಮೆಯಾಗುತ್ತದೆ, ತಿಂದದ್ದು ಹಾರಾಟದಲ್ಲೇ ಕರಗುತ್ತದೆ.

ವಲಸೆ ಹಕ್ಕಿಗೆ ಚಳಿಗಾಲ ಎಂದರೆ ವಿಹಾರವಲ್ಲ, ದಾರಿಬುತ್ತಿ ಕಟ್ಟಿಕೊಳ್ಳುವ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ವರ್ಷ ಬರುವ ಪಟ್ಟೆತಲೆಯ ಹೆಬ್ಬಾತನ್ನೇ ತೆಗೆದುಕೊಳ್ಳಿ. ಮರಳಿ ಹೋಗುವಾಗ ಅದು ಹಿಮಾಲಯವನ್ನು ದಾಟಬೇಕು. ಈ ಜಾತಿಯ ಹಕ್ಕಿಗಳಿಗೆ ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನವೊಂದರಲ್ಲಿ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಇಂಥ ಪಯಣಕ್ಕೆ ಬೇಕಾದ ಕೊಬ್ಬನ್ನು ಹಕ್ಕಿ ಕೂಡಿಸಿಕೊಳ್ಳುವುದು ನಮ್ಮ ಕೆರೆಯಂಗಳದಲ್ಲಿ, ನಮ್ಮ ಹೊಲಗಳಲ್ಲಿ. ಇಲ್ಲಿ ನೆಮ್ಮದಿ ಕೆಟ್ಟರೆ ಅದರ ಬೆಲೆ ತೆರುವುದು ಅಲ್ಲೆಲ್ಲೋ, ನಮ್ಮ ಕಣ್ಣಿಗೆ ಕಾಣದ ಕಡೆ.

ಇನ್ನು ಗೂಡಿನ ಮಾತು. ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿ ಜೊಂಡು, ಪಾಚಿಗಳನ್ನು ಸೇರಿಸಿ ನೀರಿನ ಮೇಲೆಯೇ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಜೊಂಡಿನ ಹೊದಿಕೆ ಎಳೆಯುವುದು ಅದರ ಪದ್ಧತಿ. ದೋಣಿ ದಿಢೀರನೆ ಮೈಮೇಲೆ ಬಂದರೆ ಹೊದಿಕೆ ಎಳೆಯಲು ಪುರಸೊತ್ತೆಲ್ಲಿ? ಕಾಗೆಗಳಿಗೆ ಊಟ ಸಿದ್ಧ. ತಾವರೆ ಎಲೆಯ ಮೇಲೆ ನಡೆದಾಡುವ ದೇವನಕ್ಕಿ ಮೊಟ್ಟೆ ಇಡುವುದೂ ತೇಲುವ ಎಲೆಗಳ ಮೇಲೆಯೇ. ಯಂತ್ರದ ದೋಣಿ ಎಬ್ಬಿಸುವ ಅಲೆ ದಂಡೆಗೆ ಬರುವ ಹೊತ್ತಿಗೆ ಗೇಣುದ್ದವಿದ್ದರೂ ಸಾಕು, ಇಂಥ ಗೂಡು ಮಗುಚಿಬೀಳುತ್ತದೆ. ದೋಣಿಯಲ್ಲಿದ್ದವರು ಅದನ್ನು ನೋಡುವುದೂ ಇಲ್ಲ.

ಹಳೆಯ ಮಾದರಿಯ ಯಂತ್ರದ ದೋಣಿಗಳಲ್ಲಿ ಇಂಧನದ ಕಾಲು ಭಾಗದಷ್ಟು ಉರಿಯದೆ ನೀರು ಸೇರುವುದುಂಟು. ಆಳವಿಲ್ಲದ ಕಡೆ ಯಂತ್ರದ ರೆಕ್ಕೆ ತಳದ ಕೆಸರನ್ನು ಕದಡುತ್ತದೆ. ನೀರು ರಾಡಿಯಾದರೆ ಬಿಸಿಲು ತಳ ಮುಟ್ಟುವುದಿಲ್ಲ, ಬಿಸಿಲಿಲ್ಲದೆ ಜಲಸಸ್ಯ ಬೆಳೆಯುವುದಿಲ್ಲ. ಮೀನು ಹಿಡಿದು ಬದುಕುವವರಿಗೂ ಇದು ಒಳ್ಳೆಯ ಸುದ್ದಿಯಲ್ಲ.

ರಂಗನತಿಟ್ಟಿನ ಗುಟ್ಟು

ರಂಗನತಿಟ್ಟಿನ ದೋಣಿಗಳನ್ನು ಹುಟ್ಟು ಹಾಕಿ ನಡೆಸುತ್ತಾರೆ. ನಡೆಸುವವರು ಅರಣ್ಯ ಇಲಾಖೆಯ ಅಂಬಿಗರು. ಹೋಗುವ ದಾರಿ ಗೊತ್ತಾದದ್ದು, ಬರುವ ದಾರಿಯೂ ಗೊತ್ತಾದದ್ದು. ಯಾವ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತದೆ, ಯಾವ ಮರದಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟಿದೆ, ಎಲ್ಲಿ ಹುಟ್ಟು ನಿಲ್ಲಿಸಬೇಕು ಎಂಬುದು ಅವರಿಗೆ ಕರತಲಾಮಲಕ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಹತ್ತಾರು ವರ್ಷಗಳಿಂದ ಒಂದೇ ಹಾದಿಯಲ್ಲಿ, ಒಂದೇ ವೇಗದಲ್ಲಿ, ಸದ್ದಿಲ್ಲದೆ ಬಂದುಹೋಗುವ ದೋಣಿಯನ್ನು ಅಲ್ಲಿನ ಹಕ್ಕಿಗಳು ಅಪಾಯವೆಂದು ಎಣಿಸುವುದನ್ನು ಬಿಟ್ಟಿವೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ರಂಗನತಿಟ್ಟು ಪ್ರಧಾನವಾಗಿ ಗೂಡು ಕಟ್ಟುವ ಹಕ್ಕಿಗಳ ತಾಣ. ಮರದ ಮೇಲೆ ಮರಿಗಳಿರುವ ಹೆಜ್ಜಾರ್ಲೆಯಾಗಲಿ ಕೊಕ್ಕರೆಯಾಗಲಿ ಸುಲಭವಾಗಿ ಜಾಗ ಬಿಡುವುದಿಲ್ಲ, ಬಿಡಲು ಅದಕ್ಕೆ ಸಾಧ್ಯವೂ ಇಲ್ಲ. ಧುಪದಾಳದ ಚಳಿಗಾಲದ ಅತಿಥಿಗಳ ರೀತಿ ಬೇರೆ. ಬಯಲು ನೀರಿನಲ್ಲಿ, ತೆರೆದ ಕೆಸರಿನ ಮೇಲೆ ಗುಂಪಾಗಿ ಕೂರುವ ಕ್ರೌಂಚ, ಬಾತುಗಳಿಗೆ ಇಲ್ಲಿ ಗೂಡಿಲ್ಲ, ಮರಿಯಿಲ್ಲ, ಕಟ್ಟಿಹಾಕುವ ಯಾವ ನಂಟೂ ಇಲ್ಲ. ಕಿರಿಕಿರಿಯಾದರೆ ಎದ್ದು ಹೋಗುತ್ತವೆ. ಪದೇ ಪದೇ ಆದರೆ ಮರಳಿ ಬರುವುದನ್ನೇ ಬಿಡಬಹುದು. ಆದ್ದರಿಂದ ರಂಗನತಿಟ್ಟಿನ ಪಾಠವನ್ನು ಧುಪದಾಳಕ್ಕೆ ಹಾಗೆಯೇ ಎತ್ತಿ ತರಲಾಗದು.

ಹಕ್ಕಿ ಅಲುಗಾಡದೆ ಕುಳಿತಿದೆ ಎಂದ ಮಾತ್ರಕ್ಕೆ ನೆಮ್ಮದಿಯಾಗಿದೆ ಎಂದೂ ತಿಳಿಯಬಾರದು. ಮನುಷ್ಯ ಸಮೀಪಿಸಿದಾಗ ಮೇಲ್ನೋಟಕ್ಕೆ ಶಾಂತವಾಗಿ ಕುಳಿತ ಹಕ್ಕಿಯ ಎದೆಬಡಿತ ಒಳಗೊಳಗೇ ಏರುವುದನ್ನು ಪೆಂಗ್ವಿನ್‌ಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ.

ಭದ್ರಾ ಜಲಾಶಯದ ಹಿನ್ನೀರಿನಲ್ಲಿ ಇನ್ನೊಂದು ಬಗೆಯ ಸೂಕ್ಷ್ಮ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆ ತೇಲಿದಾಗ ಹೊಳೆ ರೀವ ಎಂಬ ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯಲ್ಲಿರುವ ಸರ್ಕಾರಿ ಪ್ರವಾಸಿ ವಸತಿಗೃಹದ ಹೆಸರು ಕೂಡ ಇದೇ ಹಕ್ಕಿಯದು. ಏಪ್ರಿಲ್ ಬಿಸಿಲಿಗೆ ಆ ನೆಲ ಕಾದ ಹಂಚಿನಂತಾಗುತ್ತದೆ. ತಾಯಿ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗೆ ತಂಪು, ನೆರಳು ಕೊಡುತ್ತದೆ. ದೋಣಿ ದೂರದಿಂದ ಸುತ್ತಿ ಹೋದರೆ ಎಲ್ಲ ಸರಿ. ಒಳ್ಳೆಯ ಚಿತ್ರದ ಆಸೆಗೆ ದಡಕ್ಕೆ ತಾಗಿಸಿ ನಿಲ್ಲಿಸಿದರೆ ಹಕ್ಕಿ ಮೇಲೇಳುತ್ತದೆ, ಕೆಲವೇ ನಿಮಿಷಗಳಲ್ಲಿ ಮೊಟ್ಟೆ ಬಿಸಿಲಿಗೆ ಬೇಯುತ್ತದೆ.

ಎಷ್ಟು ದೂರ?

ದೂರ ಇರಬೇಕು ಎಂದರೆ ಎಷ್ಟು? ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಯಂತ್ರದ ದೋಣಿಗಳಿಗೆ ಹಕ್ಕಿಗಳು ಯಾವ ಅಂತರದಲ್ಲಿ ಬೆದರಿ ಏಳುತ್ತವೆ ಎಂಬುದನ್ನು ಅಳೆದ ಸಂಶೋಧಕರು 2002ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಕೊಕ್ಕರೆ, ಬಕಗಳಂಥ ನೀರಿನಲ್ಲಿ ನಡೆದು ಮೇಯುವ ಹಕ್ಕಿಗಳಿಂದ 180 ಮೀಟರ್, ರೀವ ಹಾಗೂ ಕಡಲಕ್ಕಿಗಳಿಂದ 140 ಮೀಟರ್, ಟಿಟ್ಟಿಭದ ಬಳಗದ ಸಣ್ಣ ಹಕ್ಕಿಗಳಿಂದ 100 ಮೀಟರ್ ದೂರವನ್ನು ದೋಣಿಗಳು ಕಾಯ್ದುಕೊಳ್ಳಬೇಕೆಂಬುದು ಅವರ ಸಲಹೆ.

ಅಲ್ಲಿನ ಹಕ್ಕಿ ಬೇರೆ, ಇಲ್ಲಿನ ಹಕ್ಕಿ ಬೇರೆ. ಆದರೂ ಒಂದು ಅಳತೆಗೋಲಾಗಿ ಇದು ಉಪಯುಕ್ತ. 300 ಮೀಟರ್ ಅಗಲದ ಹಿನ್ನೀರಿನಲ್ಲಿ ದೋಣಿ ಸರಿಯಾಗಿ ನಡುವೆ ಸಾಗಿದರೂ ಎರಡೂ ದಂಡೆಗಳು 150 ಮೀಟರ್ ಒಳಗೇ ಬರುತ್ತವೆ. ಕೊಕ್ಕರೆಗಳು ಮೇಯುವುದು ದಂಡೆಯ ಅಂಚಿನಲ್ಲಿಯೇ. ಅಂದರೆ ಅಷ್ಟು ಕಿರಿದಾದ ನೀರಿನಲ್ಲಿ ಯಂತ್ರದ ದೋಣಿಗೂ ಕೊಕ್ಕರೆಗೂ ಒಟ್ಟಿಗೆ ಜಾಗವಿಲ್ಲ. ವಿಶಾಲವಾದ ನೀರಿದ್ದರೆ ಪಾಲು ಮಾಡಿಕೊಳ್ಳಬಹುದು. ಒಡಿಶಾದ ಚಿಲಿಕಾ ಸರೋವರದಲ್ಲಿ ನಳಬಣ ದ್ವೀಪದ ಭಾಗವನ್ನು ಹಕ್ಕಿಗಳಿಗೆ ಮೀಸಲಿಡಲಾಗಿದ್ದು, ಡಾಲ್ಫಿನ್ ನೋಡುವ ಪ್ರವಾಸಿ ದೋಣಿಗಳು ಸಾತಪಡದ ಕಡೆಯಿಂದ ಹೊರಡುತ್ತವೆ. ಆದರೆ ಚಿಲಿಕಾದ ವಿಸ್ತಾರ ಸಾವಿರ ಚದರ ಕಿಲೋಮೀಟರ್‌ಗೂ ಮಿಗಿಲು. ಅಷ್ಟಿದ್ದೂ ಡಾಲ್ಫಿನ್‌ಗಳ ಬೆನ್ನುಹತ್ತುವ ಯಂತ್ರದ ದೋಣಿಗಳ ಕಾಟ ಅಲ್ಲಿ ತಲೆನೋವಾಗಿದೆ.

ಜಾಗ ಹಂಚಲಾಗದ ಕಡೆ ಕಾಲವನ್ನು ಹಂಚಿಕೊಳ್ಳಬಹುದು ಎನ್ನುವವರಿದ್ದಾರೆ. ಧುಪದಾಳದ ಮಟ್ಟಿಗೆ ಇದೂ ಸುಲಭವಲ್ಲ. ಹಕ್ಕಿಗಳು ಬರುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ. ದೀಪಾವಳಿ, ಕ್ರಿಸ್‌ಮಸ್, ಸಂಕ್ರಾಂತಿಯ ರಜೆಗಳು, ಶಾಲಾ ಪ್ರವಾಸಗಳು ಬರುವುದೂ ಆಗಲೇ. ಮಳೆಗಾಲದಲ್ಲಿ ಪ್ರವಾಹದ ಭಯ, ಬೇಸಿಗೆಯಲ್ಲಿ ನೀರಿನ ಕೊರತೆ. ದೋಣಿಗೆ ಹೇಳಿ ಮಾಡಿಸಿದ ಕಾಲವೇ ಹಕ್ಕಿಯ ಕಾಲವೂ ಆಗಿರುವುದು ಇಲ್ಲಿನ ಕಗ್ಗಂಟು.

ಕಾನೂನು ಏನನ್ನುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯವೆಂದು ಘೋಷಿತವಾದ ಜಾಗಕ್ಕೆ ಹೊರಗಿನವರು ಪ್ರವೇಶಿಸಲು ಅನುಮತಿ ಬೇಕು. ಅಧ್ಯಯನ, ಛಾಯಾಗ್ರಹಣ ಮೊದಲಾದವುಗಳ ಜೊತೆಗೆ ಪ್ರವಾಸೋದ್ಯಮಕ್ಕೂ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಅಂದರೆ ದೋಣಿ ವಿಹಾರ ಪೂರ್ತಿ ನಿಷಿದ್ಧವಲ್ಲ, ಅದು ಮುಖ್ಯ ವನ್ಯಜೀವಿ ಪರಿಪಾಲಕರ ವಿವೇಚನೆಗೆ ಬಿಟ್ಟದ್ದು.

2017ರ ಜೌಗು ಪ್ರದೇಶ ನಿಯಮಗಳು ಅಧಿಸೂಚಿತ ಜೌಗು ಪ್ರದೇಶಗಳಲ್ಲಿ ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡಗಳನ್ನು ನಿಷೇಧಿಸುತ್ತವೆ. ಆದರೆ ದೋಣಿ ನಿಲ್ಲಿಸುವ ಕಟ್ಟೆಗೆ ಮಾತ್ರ ವಿನಾಯಿತಿ ಕೊಡುತ್ತವೆ. ಇನ್ನೂ ಗಮನಾರ್ಹವಾದ ಸಂಗತಿ ಎಂದರೆ, ನದಿಯ ಪಾತ್ರಗಳು ಹಾಗೂ ಕುಡಿಯುವ ನೀರು, ನೀರಾವರಿ, ಮನರಂಜನೆಗೆಂದೇ ನಿರ್ಮಿಸಿದ ಜಲಾಶಯಗಳು ಈ ನಿಯಮಗಳ ವ್ಯಾಪ್ತಿಗೇ ಬರುವುದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಗೆ ಕಟ್ಟಿದ ಬ್ಯಾರೇಜುಗಳ ಹಿಂದೆ ನಿಲ್ಲುವ ನೀರಿನ ಬಹುಪಾಲು ಹೀಗೆ ಕೈತಪ್ಪುತ್ತದೆ. ಹಕ್ಕಿಗೆ ಈ ವ್ಯತ್ಯಾಸ ತಿಳಿಯದು. ಪಕ್ಷಿಧಾಮದ ಗಡಿಕಲ್ಲನ್ನು ಓದಿ ಅದು ಇಳಿಯುವುದಿಲ್ಲ. ಹಿಪ್ಪರಗಿಯ ಹಿನ್ನೀರೂ ಧುಪದಾಳದ ಹಿನ್ನೀರೂ ಅದಕ್ಕೆ ಒಂದೇ.

ಕೆರೆಯನ್ನು ಮನರಂಜನೆಗೆ ಒಪ್ಪಿಸುವ ವಿಚಾರ ರಾಜ್ಯದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. 2000ದ ದಶಕದಲ್ಲಿ ಬೆಂಗಳೂರಿನ ಹೆಬ್ಬಾಳ, ನಾಗವಾರ, ಅಗರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವ ಕ್ರಮವನ್ನು ಪ್ರಶ್ನಿಸಿ 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ ನೇತೃತ್ವದ ಸಮಿತಿಯ ವರದಿಯನ್ನು ಆಧರಿಸಿ 2012ರಲ್ಲಿ ಹೈಕೋರ್ಟ್ ಕೆರೆಗಳ ಸಂರಕ್ಷಣೆಗೆ ನಿರ್ದೇಶನ ನೀಡಿತು. ಕೆರೆ ಎಂಬುದು ಟಿಕೆಟು ಮಾರುವ ಉದ್ಯಾನವಷ್ಟೇ ಅಲ್ಲ ಎಂಬ ಅರಿವು ಮೂಡಲು ಈ ಮೊಕದ್ದಮೆ ನೆರವಾಯಿತು.

ಮನುಷ್ಯನ ಜೀವವೂ ಇದೆ

ಹಕ್ಕಿಯ ಚಿಂತೆ ಹಾಗಿರಲಿ, ಮನುಷ್ಯನ ಜೀವದ ಮಾತೂ ಇಲ್ಲಿದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಹುಲಿ ಅಭಯಾರಣ್ಯದ ಸರೋವರದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ನುಗ್ಗಿದರೆಂದು ಆಗ ವರದಿಯಾಗಿತ್ತು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಪ್ರಾಣ ಕಳೆದುಕೊಂಡರು. ದೋಣಿ ವಿಹಾರ ಎಂದರೆ ದೋಣಿ ಕೊಂಡು ತಂದರಷ್ಟೇ ಆಗುವುದಿಲ್ಲ. ಜೀವರಕ್ಷಕ ಜಾಕೀಟು, ಪ್ರಯಾಣಿಕರ ಮಿತಿ, ಈಜು ಬಲ್ಲ ಸಿಬ್ಬಂದಿ, ವರ್ಷ ವರ್ಷದ ತಪಾಸಣೆ ಎಲ್ಲವೂ ಬೇಕು. ಹೊಳೆಸಾಲಿನಲ್ಲಿ ಮೊಸಳೆಗಳಿವೆ ಎಂಬುದನ್ನು ಕೃಷ್ಣೆಯ ದಂಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಈ ನಾಡಿಗೆ ದೋಣಿ ಪರಕೀಯವೇ? ಖಂಡಿತ ಇಲ್ಲ. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ಕಾಯಕವೇ ದೋಣಿ ನಡೆಸುವುದಾಗಿತ್ತು. ಸೇತುವೆಗಳು ಬರುವ ಮೊದಲು ಕೃಷ್ಣೆಯ ಆಚೆ ದಡದ ಜಾತ್ರೆಗೆ, ಸಂತೆಗೆ, ಬೀಗರ ಮನೆಗೆ ಹೋಗಲು ದೋಣಿಯೇ ಗತಿ. ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗಿಳಿಸಿ ಹೊಳೆ ದಾಟಿದ ಗಟ್ಟಿಗರೂ ಈ ಭಾಗದಲ್ಲಿದ್ದರು. 2005 ಮತ್ತು 2019ರ ಮಹಾಪೂರಗಳಲ್ಲಿ ಎಷ್ಟೋ ಊರುಗಳ ಜನರ ಜೀವ ಉಳಿಸಿದ್ದು ದೋಣಿಗಳು. ಆದರೆ ಆ ದೋಣಿಗಳು ಹೋಗುತ್ತಿದ್ದುದು ಈ ದಡದಿಂದ ಆ ದಡಕ್ಕೆ. ಹಕ್ಕಿ ಎಲ್ಲಿದೆ ಎಂದು ಹುಡುಕಿಕೊಂಡು ಅವು ಹೋಗುತ್ತಿರಲಿಲ್ಲ. ದಾಟುವ ದೋಣಿಗೂ ನೋಡುವ ದೋಣಿಗೂ ಇರುವ ಅಂತರ ಇಷ್ಟೆ.

ಹೊಂದಾಣಿಕೆಯ ದಾರಿ

ಅನುಭವದಿಂದ ತಿಳಿದುಬರುವ ಸೂತ್ರಗಳು ತೀರ ಜಟಿಲವಾದವೇನಲ್ಲ. ಎಲ್ಲ ನೀರಿಗೂ ದೋಣಿ ಬೇಕಿಲ್ಲ. ಊರ ನಡುವಿನ ಕೆರೆಗಳಲ್ಲಿ, ಈಗಾಗಲೇ ಜನಸಂದಣಿ ಇರುವ ಕಡೆಗಳಲ್ಲಿ ವಿಹಾರಕ್ಕೆ ಅವಕಾಶ ಮಾಡಿಕೊಡಬಹುದು. ವಲಸೆ ಹಕ್ಕಿಗಳು ಗುಂಪಾಗಿ ಇಳಿಯುವ ತೆರೆದ ನೀರನ್ನು ದಂಡೆಯಿಂದಲೇ ನೋಡುವುದು ಒಳ್ಳೆಯದು. ಮರೆಯಲ್ಲಿ ನಿಂತು ನೋಡುವ ಗೋಪುರ, ಒಂದೆರಡು ದುರ್ಬೀನು, ಹಕ್ಕಿಯ ಹೆಸರು ಹೇಳಬಲ್ಲ ಊರಿನ ಒಬ್ಬ ಹುಡುಗ ಇದ್ದರೆ ದೋಣಿಯಲ್ಲಿ ಕಾಣುವುದಕ್ಕಿಂತ ಹೆಚ್ಚು ಕಂಡೀತು. ಏಕೆಂದರೆ ದೋಣಿ ಹತ್ತಿರ ಹೋದಷ್ಟೂ ಹಕ್ಕಿ ದೂರ ಹೋಗುತ್ತದೆ.

ದೋಣಿ ಬಿಡಲೇಬೇಕೆಂದಾದರೆ ಯಂತ್ರದ ಬದಲು ಹುಟ್ಟು ಇರಲಿ. ದಾರಿ ಒಂದೇ ಇರಲಿ, ತೇಲುಗುಂಡುಗಳಿಂದ ಅದನ್ನು ಗುರುತಿಸಲಿ. ಜೊಂಡಿನ ಕಡೆ, ನಡುಗಡ್ಡೆಯ ಕಡೆ ಸುಳಿಯದಿರಲಿ. ದಿನಕ್ಕೆ ಇಷ್ಟೇ ಸುತ್ತು ಎಂಬ ಮಿತಿ ಇರಲಿ. ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುವ ಮುಂಜಾನೆ, ಅವು ಮರಳಿ ಸೇರುವ ಸಂಜೆ ನೀರು ನಿಶ್ಶಬ್ದವಾಗಿರಲಿ. ಹುಟ್ಟು ಹಾಕುವ ಕೆಲಸ ಹೊರಗಿನ ಗುತ್ತಿಗೆದಾರರ ಪಾಲಾಗದೆ ಅದೇ ನೀರಿನಲ್ಲಿ ಮೀನು ಹಿಡಿಯುವ ಕುಟುಂಬಗಳಿಗೆ ಸಿಗಲಿ. ಹಕ್ಕಿ ಉಳಿದರೆ ತಮ್ಮ ಅನ್ನವೂ ಉಳಿಯುತ್ತದೆ ಎಂದು ತಿಳಿದವನಷ್ಟು ಒಳ್ಳೆಯ ಕಾವಲುಗಾರ ಬೇರೊಬ್ಬನಿಲ್ಲ.

ಇಂಥ ಕಟ್ಟುಪಾಡಿನಿಂದ ಯಾರಿಗೂ ನಷ್ಟವಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 2005ರಲ್ಲಿ ಗಂಟೆಗೆ 10 ಮೈಲಿಯ ವೇಗಮಿತಿ ಜಾರಿಗೆ ಬಂದಾಗ, ವೇಗದ ದೋಣಿಗಳ ಹಿಂದೆ ನೀರಿನ ಮೇಲೆ ಜಾರುವ ಆಟವಾಡುತ್ತಿದ್ದವರೂ ಅದನ್ನೇ ನೆಚ್ಚಿದ್ದ ವ್ಯಾಪಾರಿಗಳೂ ಬಲವಾಗಿ ವಿರೋಧಿಸಿದರು. ಇಲ್ಲಿಯೂ ದೋಣಿಯಿಂದ ಬರಬಹುದಾದ ನಾಲ್ಕು ಕಾಸು ಬಿಡಬೇಕಾಗಿ ಬಂದವರು ಬೇಸರಪಟ್ಟರೆ ಅವರನ್ನು ದೂರುವಂತಿಲ್ಲ. ಆ ಕಾಸಿಗೆ ಬೇರೆ ದಾರಿ ತೋರಿಸುವ ಹೊಣೆ ಹಕ್ಕಿ ಉಳಿಯಲಿ ಎನ್ನುವವರ ಮೇಲೂ ಇದೆ, ಸರ್ಕಾರದ ಮೇಲೂ ಇದೆ.

ಧುಪದಾಳದ ಒಡ್ಡು ಕಟ್ಟಿ ನೂರು ವರ್ಷ ಮಿಕ್ಕಿದೆ. ಹೊಲಕ್ಕೆ ನೀರು ಬೇಕೆಂದು ಮನುಷ್ಯ ನಿಲ್ಲಿಸಿದ ಹೊಳೆಯಲ್ಲಿ, ಯಾರೂ ಕರೆಯದಿದ್ದರೂ ಹಕ್ಕಿಗಳು ಬಂದು ತಮ್ಮ ಪಾಲನ್ನು ಪಡೆದವು. ಅವು ಬರುವುದನ್ನು ನಿಲ್ಲಿಸಿದರೆ ಯಾವ ಕಾನೂನೂ, ಯಾವ ಇಲಾಖೆಯೂ ಮರಳಿ ಕರೆತರಲಾರದು. ದೋಣಿಯನ್ನಾದರೆ ಯಾವಾಗ ಬೇಕಾದರೂ ನೀರಿಗಿಳಿಸಬಹುದು. ಅವಸರ ಮಾಡುವ ಮೊದಲು ಈ ವ್ಯತ್ಯಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು.